ನಿದ್ದೆಯಲ್ಲಿ ಎದ್ದು ನಡೆಯುವ ಮಗು: ಮೊದಲು ಗಡಿಯಾರ ನೋಡಿ

ಹಿತ್ತಿಲ ಬಾಗಿಲಿನ ಚಿಲಕ ಸದ್ದು ಮಾಡಿದಾಗ ರಾತ್ರಿ 11.15 ಆಗಿತ್ತು. ಬೆಕ್ಕಿರಬೇಕು ಎಂದುಕೊಂಡು ಮಗ್ಗುಲು ಬದಲಿಸಿದೆ. ಮತ್ತೆ ಅದೇ ಸದ್ದು. ಎದ್ದು ಹೋಗಿ ನೋಡಿದರೆ ಎಂಟು ವರ್ಷದ ಮಗಳು ಬಾಗಿಲಿಗೆ ಮುಖ ಮಾಡಿ ನಿಂತು ಚಿಲಕವನ್ನು ಅತ್ತಿತ್ತ ಆಡಿಸುತ್ತಿದ್ದಳು. ಕಣ್ಣು ತೆರೆದೇ ಇತ್ತು. "ಎಲ್ಲಿಗೆ ಹೊರಟೆ ಪುಟ್ಟಿ?" ಎಂದು ಕೇಳಿದೆ. "ಬ್ಯಾಗು ಅಲ್ಲಿದೆ" ಎಂದಳು. ಎಲ್ಲಿ ಎಂದರೆ ಉತ್ತರವಿಲ್ಲ. ನನ್ನ ಕಡೆ ತಿರುಗಿದಳು, ಆದರೆ ಅಮ್ಮನನ್ನು ಕಂಡ ಗುರುತು ಆ ಕಣ್ಣುಗಳಲ್ಲಿ ಇರಲಿಲ್ಲ. ನನ್ನ ಕೈಕಾಲು ತಣ್ಣಗಾದವು.

ಮರುದಿನ ಅತ್ತೆ ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆದರು. ಎದುರು ಮನೆಯವರು ತಾಯಿತ ಕಟ್ಟಿಸಲು ಒಂದು ವಿಳಾಸ ಕೊಟ್ಟರು. ಮಗುವಿನ ಮೇಲಿನ ಅಕ್ಕರೆಯಿಂದ ಹೇಳಿದವರೇ ಎಲ್ಲರೂ. ಆದರೆ ಮೂರು ವಾರಗಳಲ್ಲಿ ಅವಳು ಹಾಗೆ ಐದು ಸಲ ಎದ್ದಳು. ಕೊನೆಗೆ ಮಕ್ಕಳ ಡಾಕ್ಟರ ಬಳಿ ಹೋದೆವು. ಅವರು ಕೇಳಿದ ಮೊದಲ ಪ್ರಶ್ನೆ: "ಮಲಗಿ ಎಷ್ಟು ಹೊತ್ತಾದ ಮೇಲೆ ಎದ್ದಳು?" ಐದು ಸಲದಲ್ಲಿ ಒಂದು ಸಲಕ್ಕೆ ಮಾತ್ರ ನನ್ನಲ್ಲಿ ಉತ್ತರವಿತ್ತು. ಆ ಪ್ರಶ್ನೆಯ ಬೆಲೆ ಗೊತ್ತಾಗಲು ಕೆಲವು ತಿಂಗಳು ಹಿಡಿಯಿತು. ನಿಮಗೆ ಅಷ್ಟು ದಿನ ಹಿಡಿಯಬಾರದು ಎಂದು ಇದನ್ನು ಬರೆಯುತ್ತಿದ್ದೇನೆ.

ರಾತ್ರಿಯ ನಿದ್ದೆ ಒಂದೇ ಹದದ್ದಲ್ಲ

ನಿದ್ದೆ ಸುತ್ತು ಸುತ್ತಾಗಿ ಬರುತ್ತದೆ. ದೊಡ್ಡವರಲ್ಲಿ ಒಂದು ಸುತ್ತು ಸುಮಾರು 90 ನಿಮಿಷ. ಮಲಗಿದ ಮೊದಲ ಎರಡು ಮೂರು ಗಂಟೆಗಳಲ್ಲಿ ಗಾಢನಿದ್ದೆಯ ಪಾಲು ಹೆಚ್ಚು. ಬೆಳಗಿನ ಜಾವದ ಕಡೆಗೆ ಕನಸಿನ ನಿದ್ದೆ, ಅಂದರೆ ರೆಮ್ ನಿದ್ರೆ, ಉದ್ದವಾಗುತ್ತ ಹೋಗುತ್ತದೆ. ರಾತ್ರಿಯ ಯಾವ ಗೊಂದಲ ಯಾವ ಹೊತ್ತಿನಲ್ಲಿ ಬರುತ್ತದೆ ಎನ್ನುವುದರಿಂದಲೇ ಅದು ಏನೆಂದು ಮುಕ್ಕಾಲು ಪಾಲು ಗೊತ್ತಾಗುತ್ತದೆ.

ನಿದ್ದೆಯಲ್ಲಿ ನಡೆಯುವುದು ಸಾಮಾನ್ಯವಾಗಿ ಗಾಢನಿದ್ದೆಯಿಂದ ಹುಟ್ಟುತ್ತದೆ, ಮಲಗಿದ ಒಂದೆರಡು ಗಂಟೆಗಳಲ್ಲಿ. ಮಿದುಳಿನ ಒಂದು ಪಾಲು ಎದ್ದುಬಿಡುತ್ತದೆ, ಇನ್ನೊಂದು ಪಾಲು ಮಲಗಿಯೇ ಇರುತ್ತದೆ. ಕಾಲಿಗೆ ನಡೆಯಲು ಗೊತ್ತು, ಕೈಗೆ ಚಿಲಕ ಗೊತ್ತು. ಆದರೆ ಇದು ರಾತ್ರಿ, ಇದು ಹಿತ್ತಿಲ ಬಾಗಿಲು ಎಂದು ತೀರ್ಮಾನಿಸುವ ಭಾಗ ಎದ್ದಿಲ್ಲ. ನಡೆದದ್ದನ್ನು ನೆನಪಿಡುವ ಭಾಗವೂ ಎದ್ದಿಲ್ಲ, ಹಾಗಾಗಿ ಬೆಳಿಗ್ಗೆ ಕೇಳಿದರೆ ಮಗುವಿಗೆ ಏನೂ ಗೊತ್ತಿರುವುದಿಲ್ಲ. ಕನಸನ್ನು ನಟಿಸುತ್ತಿದೆ ಎಂದು ಬಹಳ ಜನ ತಿಳಿದಿದ್ದರು. ಇದು ಕನಸಿನದ್ದಲ್ಲ, ಅರೆಬರೆ ಎಚ್ಚರದ ತೊಂದರೆ ಎಂದು ರೋಜರ್ ಬ್ರಾಟನ್ ಎಂಬ ವಿಜ್ಞಾನಿ 1968ರಲ್ಲಿ ವಿವರಿಸಿದರು. ನಮ್ಮ ಭಾಷೆಯ "ನಿದ್ದೆಗಣ್ಣು" ಎಂಬ ಪದ ಇದರ ಹತ್ತಿರವೇ ಇದೆ ಎಂದು ನನಗೆ ಅನಿಸುತ್ತದೆ.

ಇದು ಅಪರೂಪದ್ದೇನೂ ಅಲ್ಲ. ಒಂದು ವರ್ಷದ ಲೆಕ್ಕ ತೆಗೆದುಕೊಂಡರೆ ನೂರು ಮಕ್ಕಳಲ್ಲಿ ಸುಮಾರು ಐದು ಮಕ್ಕಳು ಹೀಗೆ ಎದ್ದು ನಡೆಯುತ್ತಾರೆ. ದೊಡ್ಡವರಲ್ಲಿ ನೂರಕ್ಕೆ ಒಬ್ಬರೋ ಇಬ್ಬರೋ. ಎಂಟರಿಂದ ಹನ್ನೆರಡು ವರ್ಷದ ನಡುವೆ ಹೆಚ್ಚು, ಹದಿಹರೆಯ ಮುಗಿಯುವಷ್ಟರಲ್ಲಿ ಹೆಚ್ಚಿನವರಲ್ಲಿ ತಾನಾಗಿಯೇ ನಿಂತುಹೋಗುತ್ತದೆ. ವಂಶದ ಪಾಲು ದೊಡ್ಡದು. ಕೆನಡಾದ ಕ್ವಿಬೆಕ್ ಪ್ರಾಂತ್ಯದ ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿ 2015ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ತಂದೆ ತಾಯಿ ಇಬ್ಬರಿಗೂ ಈ ಅಭ್ಯಾಸ ಇಲ್ಲದಿದ್ದ ಮಕ್ಕಳಲ್ಲಿ ಶೇ. 22ರಷ್ಟು, ಒಬ್ಬರಿಗೆ ಇದ್ದಾಗ ಶೇ. 47ರಷ್ಟು, ಇಬ್ಬರಿಗೂ ಇದ್ದಾಗ ಶೇ. 61ರಷ್ಟು ಮಕ್ಕಳು ಬಾಲ್ಯದಲ್ಲಿ ಒಮ್ಮೆಯಾದರೂ ನಡೆದಿದ್ದರು. ಡಾಕ್ಟರು ಇದನ್ನು ವಿಚಾರಿಸಿದಾಗಲೇ ಅತ್ತೆ ಬಾಯಿಬಿಟ್ಟಿದ್ದು: ನನ್ನ ಯಜಮಾನರು ಒಂಬತ್ತು ವರ್ಷದವರಿದ್ದಾಗ ಒಂದು ರಾತ್ರಿ ಕಾಣೆಯಾಗಿ, ಕೊನೆಗೆ ಕೊಟ್ಟಿಗೆಯಲ್ಲಿ ಎಮ್ಮೆಯ ಪಕ್ಕ ಹುಲ್ಲಿನ ಮೇಲೆ ಮಲಗಿದ್ದರಂತೆ. ಇಷ್ಟು ವರ್ಷ ಅದನ್ನು ಯಾರೂ ಹೇಳಿರಲಿಲ್ಲ. ನಿಮ್ಮ ಮನೆಯ ಹಿರಿಯರನ್ನೂ ಒಮ್ಮೆ ಕೇಳಿ ನೋಡಿ.

ಮೊದಲನೆಯ ಹೆಜ್ಜೆ: ಆ ಹೊತ್ತಿನಲ್ಲಿ ಮಾಡಬೇಕಾದ್ದು

ನಡೆಯುವವರನ್ನು ಎಬ್ಬಿಸಿದರೆ ಜೀವಕ್ಕೆ ಅಪಾಯ ಎಂಬ ಮಾತು ಸುಳ್ಳು. ಹಾಗೆಂದು ಭುಜ ಹಿಡಿದು ಅಲುಗಾಡಿಸುವುದು, ಮುಖಕ್ಕೆ ನೀರು ಎರಚುವುದು, ಹೆಸರು ಹಿಡಿದು ಕೂಗುವುದು ಬೇಡ. ಗಾಢನಿದ್ದೆಯಿಂದ ಥಟ್ಟನೆ ಎದ್ದ ಮಗು ಗಾಬರಿಯಾಗಿ ಅಳುತ್ತದೆ, ಕೆಲವೊಮ್ಮೆ ಕೈ ಬೀಸುತ್ತದೆ. ದೊಡ್ಡವರಾದರೆ ತಮ್ಮನ್ನು ಯಾರೋ ಹಿಡಿದುಕೊಂಡರು ಎಂದು ಜೋರಾಗಿ ತಳ್ಳಿಬಿಡಬಹುದು.

ದೊಡ್ಡ ದೀಪ ಹಾಕಬೇಡಿ. ಪಕ್ಕದಲ್ಲಿ ಹೋಗಿ ನಿಂತು, ದಿನವೂ ಮಲಗಿಸುವಾಗಿನ ದನಿಯಲ್ಲಿ "ಬಾ ಮಗಾ, ಮಲಗೋಣ" ಎನ್ನಿ. ಬೆನ್ನಿನ ಮೇಲೆ ಹಗುರವಾಗಿ ಕೈಯಿಟ್ಟು ಹಾಸಿಗೆಯ ಕಡೆ ತಿರುಗಿಸಿದರೆ ಸಾಕು, ಹೆಚ್ಚಿನ ಮಕ್ಕಳು ತಾವೇ ನಡೆದು ಬಂದು ಮಲಗುತ್ತಾರೆ. ದಾರಿಯಲ್ಲಿ ಬಚ್ಚಲಿಗೆ ಕರೆದೊಯ್ಯುವುದು ಒಳ್ಳೆಯದು, ಏಕೆಂದರೆ ಮೂತ್ರ ತುಂಬಿದ್ದೇ ಎಷ್ಟೋ ಸಲ ಎಬ್ಬಿಸಿರುತ್ತದೆ. ಪ್ರಶ್ನೆ ಕೇಳಬೇಡಿ. ಕೇಳಿದರೂ ನನಗೆ ಸಿಕ್ಕಂತೆ "ಬ್ಯಾಗು ಅಲ್ಲಿದೆ" ಎಂಬಂಥ ಉತ್ತರವೇ ಸಿಗುತ್ತದೆ.

ಮಗು ಮಲಗಿದ ಮೇಲೆ ಗಡಿಯಾರ ನೋಡಿ ಸಮಯ ಬರೆದಿಡಿ.

ಬೆಳಿಗ್ಗೆ ಎಲ್ಲರೆದುರು "ರಾತ್ರಿ ಏನು ಮಾಡಿದೆ ಗೊತ್ತಾ?" ಎಂದು ಶುರು ಮಾಡಬೇಡಿ. ನಾವು ಒಂದು ಸಲ ಹಾಗೆ ಮಾಡಿದೆವು, ಚಿಕ್ಕಪ್ಪನ ಮಕ್ಕಳು ನಕ್ಕರು. ಅಂದಿನಿಂದ ನನ್ನ ಮಗಳಿಗೆ ಮಲಗುವುದೆಂದರೆ ಹೆದರಿಕೆಯಾಯಿತು. ಹೆದರಿಕೆಯಿಂದ ನಿದ್ದೆ ಕೆಟ್ಟಿತು, ನಿದ್ದೆ ಕೆಟ್ಟಷ್ಟೂ ನಡೆಯುವುದು ಹೆಚ್ಚಾಯಿತು.

ಎರಡನೆಯದು: ಮನೆಯನ್ನು ಹಾಸಿಗೆಯಿಂದ ಬಾಗಿಲವರೆಗೆ ನೋಡುವುದು

ಈ ತೊಂದರೆಯಿಂದ ಆಗುವ ನಿಜವಾದ ಹಾನಿ ಬೀಳುವುದರಿಂದ, ತಗಲುವುದರಿಂದ, ಹೊರಗೆ ಹೋಗುವುದರಿಂದ. ಹಾಗಾಗಿ ಔಷಧಿ, ಪರೀಕ್ಷೆಗಳಿಗಿಂತ ಮೊದಲು ಆಗಬೇಕಾದ್ದು ಮನೆಯ ಕೆಲಸ. ಒಂದು ಸಂಜೆ ದೀಪ ಆರಿಸಿ, ಮಗುವಿನ ಹಾಸಿಗೆಯಿಂದ ಹೊರಟು ಅದು ನಡೆಯಬಹುದಾದ ದಾರಿಯಲ್ಲಿ ನೀವೇ ನಡೆದು ನೋಡಿ.

ನಾನು ಹಾಗೆ ನಡೆದಾಗ ನನ್ನ ಕಾಲಿಗೆ ಮೊದಲು ಸಿಕ್ಕಿದ್ದು ಅಡುಗೆಮನೆಯ ಗೋಡೆಗೆ ಒರಗಿಸಿಟ್ಟಿದ್ದ ಈಳಿಗೆಮಣೆ. ಆಮೇಲೆ ಉರಿಯುತ್ತಿದ್ದ ಸೊಳ್ಳೆಬತ್ತಿಯ ತಟ್ಟೆ. ಇವೆರಡೂ ಅಂದೇ ಜಾಗ ಬದಲಿಸಿದವು. ಗ್ಯಾಸ್ ಸಿಲಿಂಡರಿನ ರೆಗ್ಯುಲೇಟರನ್ನು ರಾತ್ರಿ ಬಂದ್ ಮಾಡುವ ಅಭ್ಯಾಸವೂ ಆಯಿತು. ಸ್ಕೂಟರಿನ ಕೀಲಿ ಮೊಳೆಯಿಂದ ಕಪಾಟಿನೊಳಗೆ ಹೋಯಿತು, ಅದು ಯಜಮಾನರ ಮೇಲಿನ ಅನುಮಾನದಿಂದ.

ತಾರಸಿಯ ಬಾಗಿಲಿಗೆ ಬೀಗ ಬೇಕೇ ಬೇಕು. ಕಟ್ಟೆಯಿಲ್ಲದ ತಾರಸಿ, ಅರ್ಧ ಕಟ್ಟಿ ನಿಲ್ಲಿಸಿದ ಮೆಟ್ಟಿಲು ನಮ್ಮ ಊರುಗಳಲ್ಲಿ ಎಷ್ಟು ಇವೆ ಎಂದು ಹೇಳಬೇಕಾಗಿಲ್ಲ. ಸಂಪಿನ ಮುಚ್ಚಳಕ್ಕೆ, ಹಿತ್ತಿಲ ಬಾವಿಯ ಜಾಲರಿಗೆ ಬೀಗ ಹಾಕಿ. ಅಪಾರ್ಟ್‌ಮೆಂಟಿನಲ್ಲಿದ್ದರೆ ಬಾಲ್ಕನಿಯ ಬಾಗಿಲು ಮತ್ತು ಗ್ರಿಲ್ ಇಲ್ಲದ ಕಿಟಕಿ. ಬೇಸಿಗೆಯಲ್ಲಿ ತಾರಸಿಯ ಮೇಲೆ ಮಲಗುವ ಸಂಭ್ರಮವನ್ನು ಈ ಮಗುವಿನ ಮಟ್ಟಿಗೆ ಕೆಲವು ವರ್ಷ ಬಿಡಬೇಕಾಗುತ್ತದೆ. ಎರಡಂತಸ್ತಿನ ಮಂಚದ ಮೇಲಿನ ಹಾಸಿಗೆಯೂ ಬೇಡ. ನೆಲದ ಮೇಲಿನ ಹಾಸಿಗೆಗೆ ಸಮನಾದದ್ದು ಯಾವುದೂ ಇಲ್ಲ.

ಬಾಗಿಲಿನ ಚಿಲಕಕ್ಕಿಂತ ಸದ್ದು ಹೆಚ್ಚು ಉಪಯೋಗಕ್ಕೆ ಬರುತ್ತದೆ. ಭರತನಾಟ್ಯ ಬಿಟ್ಟ ಮೇಲೆ ಪೆಟ್ಟಿಗೆಯಲ್ಲಿ ಬಿದ್ದಿದ್ದ ನನ್ನ ಗೆಜ್ಜೆಯ ಒಂದು ಸಾಲನ್ನು ಮಗಳ ಕೋಣೆಯ ಬಾಗಿಲಿನ ಹಿಡಿಕೆಗೆ ಕಟ್ಟಿದೆ. ಬಾಗಿಲು ಎರಡು ಬೆರಳಷ್ಟು ಸರಿದರೂ ನನಗೆ ಎಚ್ಚರವಾಗುತ್ತಿತ್ತು. ಮಗುವಿನ ಕೋಣೆಗೆ ಹೊರಗಿನಿಂದ ಬೀಗ ಹಾಕುವುದನ್ನು ಮಾತ್ರ ಮಾಡಬೇಡಿ. ಬೆಂಕಿಯೋ ಶಾರ್ಟ್ ಸರ್ಕಿಟ್ಟೋ ಆದರೆ ಮಗು ಒಳಗೆ ಸಿಕ್ಕಿಬೀಳುತ್ತದೆ.

ಮೂರನೆಯದು: ಒಂದು ನೋಟ್‌ಬುಕ್, ಒಂದು ವಿಡಿಯೋ

ಎರಡು ವಾರ ದಿನವೂ ಐದು ವಿಷಯ ಬರೆಯಿರಿ: ಎಷ್ಟು ಗಂಟೆಗೆ ಮಲಗಿತು, ಎಷ್ಟಕ್ಕೆ ಎದ್ದು ನಡೆಯಿತು, ಎಷ್ಟು ನಿಮಿಷ, ಏನು ಮಾಡಿತು, ಅಂದು ಹಗಲಿನಲ್ಲಿ ವಿಶೇಷ ಏನಿತ್ತು. ಸಾಧ್ಯವಾದರೆ ಮೊಬೈಲಿನಲ್ಲಿ ಒಂದು ನಿಮಿಷದ ವಿಡಿಯೋ ತೆಗೆದಿಡಿ. ನಾವು ಬಾಯಲ್ಲಿ ಹೇಳುವ ಹತ್ತು ಮಾತಿಗಿಂತ ಆ ಒಂದು ನಿಮಿಷ ಡಾಕ್ಟರಿಗೆ ಹೆಚ್ಚು ಹೇಳುತ್ತದೆ. ಅದನ್ನು ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕಬೇಡಿ.

ನನ್ನ ನೋಟ್‌ಬುಕ್ಕಿನಲ್ಲಿ ಎರಡು ಸಂಗತಿ ಎದ್ದು ಕಂಡವು. ಅವಳು ನಡೆದದ್ದೆಲ್ಲ ಮಲಗಿದ ಒಂದೂಕಾಲು ಗಂಟೆಯ ಆಸುಪಾಸಿನಲ್ಲಿ. ಮತ್ತು ಪ್ರತಿ ಸಲವೂ ಹಿಂದಿನ ದಿನ ನಿದ್ದೆಗೆಟ್ಟಿತ್ತು: ಒಮ್ಮೆ ಮದುವೆಮನೆ, ಒಮ್ಮೆ ಪರೀಕ್ಷೆ, ಒಮ್ಮೆ ರಾತ್ರಿ ಬಸ್ಸಿನ ಪ್ರಯಾಣ.

ನಾಲ್ಕನೆಯದು: ನಿದ್ದೆಯ ಸಾಲ ತೀರಿಸುವುದು

ನನ್ನ ಅನುಭವದಲ್ಲಿ ಎಲ್ಲಕ್ಕಿಂತ ಹೆಚ್ಚು ಗುಣ ಕೊಟ್ಟದ್ದು ಇದೇ. ನಿದ್ದೆ ಕಡಿಮೆಯಾದ ಮಿದುಳು ಮರುರಾತ್ರಿ ಇನ್ನಷ್ಟು ಆಳಕ್ಕೆ ಇಳಿಯುತ್ತದೆ. ಅಷ್ಟು ಆಳದಿಂದ ಪೂರ್ತಿ ಮೇಲೆ ಬರಲಾರದೆ ನಡುವೆ ಸಿಕ್ಕಿಕೊಳ್ಳುತ್ತದೆ. ಆರರಿಂದ ಹನ್ನೆರಡು ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕು, 13ರಿಂದ 18 ವರ್ಷದವರಿಗೆ 8ರಿಂದ 10 ಗಂಟೆ. ನಮ್ಮ ಮನೆಯ ಲೆಕ್ಕ ಹಾಕಿದೆ: ಶಾಲೆಯ ವ್ಯಾನು 7.15ಕ್ಕೆ, ಏಳುವುದು 6ಕ್ಕೆ, ಊಟ ಒಂಬತ್ತೂವರೆಗೆ, ಮಲಗುವುದು ಹತ್ತರ ನಂತರ. ಎಂಟು ಗಂಟೆಯೂ ಆಗುತ್ತಿರಲಿಲ್ಲ. ಅವಳ ವಯಸ್ಸಿಗೆ ದಿನಕ್ಕೆ ಕನಿಷ್ಠ ಒಂದು ಗಂಟೆಯ ಸಾಲ, ವಾರಕ್ಕೆ ಏಳು ಗಂಟೆ.

ಊಟವನ್ನು ಏಳೂವರೆಗೆ ತಂದೆವು. ಟಿವಿ ಎಂಟಕ್ಕೆ ಬಂದ್, ದೊಡ್ಡವರಿಗೂ. ಮಲಗುವ ಮುಂಚೆ ಬಚ್ಚಲಿಗೆ ಹೋಗಿ ಬರುವುದು ಕಡ್ಡಾಯ. ಎಂಟೂಮುಕ್ಕಾಲಿಗೆ ದೀಪ ಆರುತ್ತಿತ್ತು, ಭಾನುವಾರವೂ. ಮೊದಲ ವಾರ ಮನೆಯಲ್ಲಿ ಗೊಣಗಾಟ ನಡೆಯಿತು. ಆಮೇಲಿನ ಎರಡು ತಿಂಗಳಲ್ಲಿ ಗೆಜ್ಜೆ ಸದ್ದು ಮಾಡಿದ್ದು ಒಂದೇ ಸಲ.

ನಿದ್ದೆ ಸಾಕಷ್ಟು ಇದ್ದೂ ನಡೆಯುವುದು ನಿಲ್ಲದಿದ್ದರೆ ಬೇರೇನೋ ಎಬ್ಬಿಸುತ್ತಿರಬಹುದು. ಜ್ವರ ಬಂದ ರಾತ್ರಿ ಹೆಚ್ಚು ನಡೆಯುವ ಮಕ್ಕಳಿದ್ದಾರೆ. ಗೊರಕೆಯನ್ನು ಗಮನಿಸಿ: ಬಾಯಿ ತೆರೆದು ಮಲಗುವ, ಗೊರಕೆ ಹೊಡೆಯುವ, ನಡುನಡುವೆ ಉಸಿರು ಕಟ್ಟಿದಂತಾಗುವ ಮಗುವಿಗೆ ಟಾನ್ಸಿಲ್ ಅಥವಾ ಮೂಗಿನ ಹಿಂಭಾಗದಲ್ಲಿರುವ ಅಡಿನಾಯ್ಡ್ ಗ್ರಂಥಿ ದಪ್ಪಗಾಗಿರಬಹುದು. ಅದಕ್ಕೆ ಚಿಕಿತ್ಸೆ ಆದ ಮೇಲೆ ನಡೆಯುವುದೂ ನಿಂತ ಉದಾಹರಣೆಗಳಿವೆ. ಸಂಜೆಯಾದರೆ ಕಾಲಿನಲ್ಲಿ ಹರಿದಾಡಿದಂತಾಗುತ್ತದೆ, ಕಾಲು ಒತ್ತು ಎಂದು ಮಗು ಹಟ ಮಾಡಿದರೆ ರಕ್ತದಲ್ಲಿ ಕಬ್ಬಿಣದ ಅಂಶ ಕಡಿಮೆಯಿದೆಯೇ ಎಂದು ಡಾಕ್ಟರ ಹತ್ತಿರ ಪರೀಕ್ಷೆ ಮಾಡಿಸಿ. ಮಾತ್ರೆಯನ್ನು ನೀವೇ ತಂದು ಕೊಡಬೇಡಿ.

ಐದನೆಯದು: ಹೊತ್ತಿಗೆ ಮುಂಚೆ ಎಬ್ಬಿಸುವುದು

ದಿನವೂ ಹೆಚ್ಚು ಕಡಿಮೆ ಒಂದೇ ಹೊತ್ತಿಗೆ ಏಳುವ ಮಗುವಿಗೆ ಈ ಉಪಾಯ. ನೋಟ್‌ಬುಕ್ಕಿನಲ್ಲಿರುವ ಸಮಯಕ್ಕಿಂತ 15ರಿಂದ 30 ನಿಮಿಷ ಮುಂಚೆ ಹೋಗಿ ಮಗುವಿನ ಕೆನ್ನೆ ಸವರಿ ಎಬ್ಬಿಸಿ. ಕಣ್ಣು ಬಿಟ್ಟು "ಹೂಂ" ಎಂದರೆ ಸಾಕು, ಮತ್ತೆ ಮಲಗಲಿ. ಎರಡರಿಂದ ನಾಲ್ಕು ವಾರ ಒಂದು ರಾತ್ರಿಯೂ ತಪ್ಪದೆ ಮಾಡಬೇಕು. ಗಾಢನಿದ್ದೆಯ ಆ ಸುತ್ತು ಮುರಿದು ಬೇರೆ ದಾರಿ ಹಿಡಿಯುತ್ತದೆ. ಮನೆಯವರಿಗೆ ದಣಿವಿನ ಕೆಲಸ, ಪಾಳಿ ಹಾಕಿಕೊಳ್ಳಿ.

ಚೀರಿ ಏಳುವುದು, ಕನವರಿಸುವುದು ಇತ್ಯಾದಿ

ಎರಡು ಮೂರು ವರ್ಷದ ಮಗು ಮಲಗಿದ ಗಂಟೆಯೊಳಗೆ ಕಿಟಾರನೆ ಚೀರಿ ಎದ್ದು ಕೂರುತ್ತದೆ. ಬೆವರು, ಜೋರಾಗಿ ಬಡಿಯುವ ಎದೆ, ಎತ್ತಿಕೊಂಡರೆ ತಳ್ಳುತ್ತದೆ. ಹತ್ತು ನಿಮಿಷದ ಮೇಲೆ ಏನೂ ಆಗದಂತೆ ಮಲಗಿಬಿಡುತ್ತದೆ, ಬೆಳಿಗ್ಗೆ ನೆನಪಿಲ್ಲ. ಇದು ನಿದ್ದೆಯ ಬೆಚ್ಚುವಿಕೆ, ನಡೆಯುವುದರ ಒಡಹುಟ್ಟು. ನೋಡುವವರಿಗೆ ಕರುಳು ಹಿಂಡಿದಂತಾಗುತ್ತದೆ, ಆದರೆ ಮಗು ಒಳಗೆ ಮಲಗಿಯೇ ಇದೆ. ಹತ್ತಿರ ಕುಳಿತು ಬೀಳದಂತೆ ನೋಡಿಕೊಂಡರೆ ಸಾಕು. ಬೆಳಗಿನ ಜಾವ ಎದ್ದು "ಅಮ್ಮಾ, ನಾಯಿ ಅಟ್ಟಿಸಿಕೊಂಡು ಬಂತು" ಎಂದು ಅಳುವ ಮಗುವಿಗೆ ಬಿದ್ದಿರುವುದು ಕೆಟ್ಟ ಕನಸು. ಅದು ಪೂರ್ತಿ ಎಚ್ಚರವಾಗಿದೆ, ಅದಕ್ಕೆ ನಿಮ್ಮ ತೋಳು ಬೇಕು, ಕಥೆ ಕೇಳುವ ಕಿವಿ ಬೇಕು. ಇಲ್ಲಿಯೂ ಗಡಿಯಾರವೇ ಎರಡನ್ನೂ ಬೇರ್ಪಡಿಸಿತು.

ಕನವರಿಸುವುದು ಯಾವ ಹೊತ್ತಿನಲ್ಲಾದರೂ ಆಗುತ್ತದೆ, ಸಾಮಾನ್ಯವಾಗಿ ಚಿಂತೆಯಿಲ್ಲ. ಹಲ್ಲು ಕಡಿಯುವುದಕ್ಕೆ ಜಂತುಹುಳುವೇ ಕಾರಣ ಎಂಬ ನಂಬಿಕೆಗೆ ಆಧಾರವಿಲ್ಲ, ಹಲ್ಲು ಸವೆಯುತ್ತಿದ್ದರೆ ದಂತವೈದ್ಯರಿಗೆ ತೋರಿಸಿ. ಹಾಸಿಗೆ ಒದ್ದೆ ಮಾಡುವುದನ್ನು ಐದು ವರ್ಷದವರೆಗೆ ತೊಂದರೆ ಎಂದೇ ಎಣಿಸುವುದಿಲ್ಲ. ಆದರೆ ಆರು ತಿಂಗಳಿಗೂ ಹೆಚ್ಚು ಕಾಲ ಒಣ ಹಾಸಿಗೆಯಲ್ಲಿ ಎದ್ದ ಮಗು ಮತ್ತೆ ಒದ್ದೆ ಮಾಡತೊಡಗಿದರೆ ಮೂತ್ರದ ಸೋಂಕು, ಸಕ್ಕರೆ ಕಾಯಿಲೆ, ಮಲಬದ್ಧತೆ ಇದೆಯೇ ಎಂದು ನೋಡಿಸಬೇಕು. ಮನಸ್ಸಿಗೆ ಏನಾದರೂ ನೋವಾಗಿದೆಯೇ ಎಂದೂ ವಿಚಾರಿಸಬೇಕು. ಬಯ್ಯುವುದು ಯಾವ ವಯಸ್ಸಿನಲ್ಲೂ ತಪ್ಪು.

ಹಾಸ್ಟೆಲಿನಲ್ಲಿರುವ ಮಕ್ಕಳು ಹೇಳುವ ಒಂದು ಅನುಭವವಿದೆ: ಎಚ್ಚರವಾಗಿದೆ, ಕೋಣೆ ಕಾಣುತ್ತಿದೆ, ಕೈಕಾಲು ಆಡುತ್ತಿಲ್ಲ, ಎದೆಯ ಮೇಲೆ ಯಾರೋ ಕುಳಿತಂತಿದೆ. ದೆವ್ವ ಅಮರಿಕೊಂಡಿತು ಎನ್ನುತ್ತಾರೆ. ಕನಸಿನ ನಿದ್ದೆಯಲ್ಲಿ ನಾವು ಎದ್ದು ಓಡದಂತೆ ಮಿದುಳು ಸ್ನಾಯುಗಳನ್ನು ಸಡಿಲಿಸಿ ಇಟ್ಟಿರುತ್ತದೆ. ಮನಸ್ಸು ಎದ್ದ ಮೇಲೂ ಆ ಕಟ್ಟು ಕೆಲವು ಕ್ಷಣ ಬಿಚ್ಚಿಕೊಳ್ಳದಿದ್ದರೆ ಹೀಗಾಗುತ್ತದೆ. ಒಂದು ಬೆರಳ ತುದಿಯನ್ನು ಆಡಿಸಲು ಪ್ರಯತ್ನಿಸಿ, ಉಸಿರಿನ ಮೇಲೆ ಗಮನವಿಡಿ, ಬಿಡುತ್ತದೆ. ನಿದ್ದೆಗೆಟ್ಟಾಗ ಮತ್ತು ಅಂಗಾತ ಮಲಗಿದಾಗ ಹೆಚ್ಚು ಬರುತ್ತದೆ.

ಮನೆಯ ಹಿರಿಯರು ನಿದ್ದೆಯಲ್ಲಿ ಹೊಡೆದಾಡಿದರೆ

ನನ್ನ ದೊಡ್ಡಪ್ಪ ಶಾಂತ ಸ್ವಭಾವದವರು. ಅರುವತ್ತು ದಾಟಿದ ಮೇಲೆ ಬೆಳಗಿನ ಮೂರು ನಾಲ್ಕು ಗಂಟೆಯ ಹೊತ್ತಿಗೆ ನಿದ್ದೆಯಲ್ಲಿ ಕೂಗಿ ಕೈ ಬೀಸತೊಡಗಿದರು. ಒಂದು ದಿನ ದೊಡ್ಡಮ್ಮನ ಕಣ್ಣಿನ ಕೆಳಗೆ ಊದಿಕೊಂಡಿತ್ತು. ಎಬ್ಬಿಸಿದರೆ ಥಟ್ಟನೆ ಎಚ್ಚರವಾಗಿ, "ಕಾಡುಹಂದಿ ತೋಟಕ್ಕೆ ನುಗ್ಗಿತ್ತು, ಓಡಿಸುತ್ತಿದ್ದೆ" ಎಂದು ಕನಸನ್ನು ಪೂರ್ತಿ ಹೇಳುತ್ತಿದ್ದರು. ದೊಡ್ಡಮ್ಮ ಇದನ್ನು ನಾಚಿಕೆಯಿಂದ ಎರಡು ವರ್ಷ ಮುಚ್ಚಿಟ್ಟರು.

ಇದು ಮಕ್ಕಳ ನಡಿಗೆಗಿಂತ ತೀರ ಬೇರೆ. ಕನಸಿನ ನಿದ್ದೆಯಲ್ಲಿ ಸ್ನಾಯುಗಳನ್ನು ಸಡಿಲಿಸುವ ಆ ಕಟ್ಟೇ ಇಲ್ಲಿ ಕೆಡುತ್ತದೆ. ಅಮೆರಿಕದ ಮಿನೆಸೊಟಾದ ವೈದ್ಯರಾದ ಕಾರ್ಲೋಸ್ ಶೆಂಕ್ ಮತ್ತು ಮಾರ್ಕ್ ಮಹೋವಾಲ್ಡ್ 1986ರಲ್ಲಿ ಇದನ್ನು ಪ್ರತ್ಯೇಕ ಕಾಯಿಲೆಯೆಂದು ಗುರುತಿಸಿದರು. ಐವತ್ತು ದಾಟಿದ ಗಂಡಸರಲ್ಲಿ ಹೆಚ್ಚು ಕಾಣುತ್ತದೆ. ಹಲವರಲ್ಲಿ ವರ್ಷಗಳ ನಂತರ ಪಾರ್ಕಿನ್ಸನ್ ಅಥವಾ ಅದರ ಬಳಗದ ಕಾಯಿಲೆ ತಲೆದೋರುವುದರಿಂದ ಇದನ್ನು ವಯಸ್ಸಿನ ಸಹಜ ಎಂದು ಬಿಡಬಾರದು. ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳಿಂದಲೂ ಬರಬಹುದು. ವಾಸನೆ ತಿಳಿಯದಿರುವುದು, ಮಲಬದ್ಧತೆ, ಕೈ ನಡುಕ ಜೊತೆಗಿದ್ದರೆ ಅದನ್ನೂ ನರರೋಗ ತಜ್ಞರಿಗೆ ಹೇಳಿ. ರಾತ್ರಿಯ ಹೊಡೆದಾಟವನ್ನು ತಗ್ಗಿಸುವ ಔಷಧಿಗಳಿವೆ. ಅಲ್ಲಿಯವರೆಗೆ ಹಾಸಿಗೆಗಳನ್ನು ಬೇರೆ ಮಾಡಿ, ಮಂಚದ ಪಕ್ಕದ ಗಾಜಿನ ಲೋಟ, ಮೇಜು ದೂರ ಸರಿಸಿ.

ತಡಮಾಡದೆ ಡಾಕ್ಟರ ಬಳಿ ಹೋಗಬೇಕಾದದ್ದು

ಒಂದೇ ರಾತ್ರಿಯಲ್ಲಿ ಹಲವು ಸಲ, ಪ್ರತಿ ಸಲವೂ ಅಚ್ಚೊತ್ತಿದಂತೆ ಅದೇ ಚಲನೆ, ಒಂದೆರಡು ನಿಮಿಷದೊಳಗೆ ಮುಗಿಯುವುದು: ಇದು ಅಪಸ್ಮಾರದ ಒಂದು ಬಗೆ ಇರಬಹುದು. ವಿಡಿಯೋ ತೆಗೆದುಕೊಂಡು ನರರೋಗ ತಜ್ಞರಲ್ಲಿಗೆ ಹೋಗಿ. ದೊಡ್ಡವರಾದ ಮೇಲೆ ಮೊದಲ ಬಾರಿ ಶುರುವಾದರೆ, ಗಾಯವಾಗಿದ್ದರೆ, ಮನೆಯಿಂದ ಹೊರಗೆ ಹೋಗಿದ್ದರೆ, ಹಗಲಿನಲ್ಲಿ ತೂಕಡಿಕೆ ಹೆಚ್ಚಿದ್ದರೆ ಕಾಯಬೇಡಿ. ನಿದ್ದೆ ಮಾತ್ರೆ ನುಂಗುವವರು ರಾತ್ರಿ ಎದ್ದು ಅಡುಗೆ ಮಾಡುವುದು, ವಾಹನ ಹೊರತೆಗೆಯುವುದು ಕಂಡರೆ ಕೂಡಲೇ ಮಾತ್ರೆ ಬರೆದವರಿಗೆ ತಿಳಿಸಿ. ಜೋಲ್ಪಿಡೆಮ್ ಮತ್ತು ಅದರಂಥ ಮಾತ್ರೆಗಳ ಮೇಲೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2019ರಲ್ಲಿ ಇದೇ ಕಾರಣಕ್ಕೆ ತನ್ನ ಅತ್ಯಂತ ಕಟುವಾದ ಎಚ್ಚರಿಕೆಯನ್ನು ಮುದ್ರಿಸಲು ಹೇಳಿತು. ಮದ್ಯವೂ ನಿದ್ದೆಯ ಹದ ಕೆಡಿಸುತ್ತದೆ.

ಮಕ್ಕಳಿಗೆ ಸಾಮಾನ್ಯವಾಗಿ ಪರೀಕ್ಷೆಗಳ ಅಗತ್ಯವೇ ಬೀಳುವುದಿಲ್ಲ. ಅನುಮಾನ ಉಳಿದರೆ ರಾತ್ರಿಯಿಡೀ ಮಿದುಳಿನ ಅಲೆ, ಉಸಿರು, ಸ್ನಾಯುಗಳ ಚಲನೆಯನ್ನು ದಾಖಲಿಸುವ ಪರೀಕ್ಷೆ ಇದೆ, ಬೆಂಗಳೂರಿನ ನಿಮ್ಹಾನ್ಸ್‌ನಂಥ ಕಡೆ ಮಾಡುತ್ತಾರೆ. ಮನಸ್ಸಿನ ಒತ್ತಡವೇ ಕಾರಣವೆನಿಸಿದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಮಗು ಬೇರೆ ಕಡೆ ಮಲಗುವಾಗ

ಹೊಸ ಜಾಗ, ದಣಿವು, ತಡರಾತ್ರಿ ಮೂರೂ ಸೇರುವ ಕಡೆ ಎಚ್ಚರ ಹೆಚ್ಚಿರಬೇಕು. ಸ್ಲೀಪರ್ ಬಸ್ಸಿನಲ್ಲಿ ಕೆಳಗಿನ ಸೀಟು ತೆಗೆದುಕೊಂಡು ಮಗುವನ್ನು ಕಿಟಕಿಯ ಕಡೆ ಮಲಗಿಸಿ. ಅಜ್ಜಿಯ ಮನೆಯಲ್ಲಿ ಬಾವಿ, ಮೆಟ್ಟಿಲು ಎಲ್ಲಿವೆ ಎಂದು ಹಗಲೇ ನೋಡಿಕೊಳ್ಳಿ.

ಈ ವರ್ಷ ಶಾಲೆಯಿಂದ ಎರಡು ದಿನದ ಪ್ರವಾಸ ಹೊರಟಾಗ ಕಳಿಸಬೇಕೋ ಬೇಡವೋ ಎಂದು ಒಂದು ವಾರ ಯೋಚಿಸಿ, ಕಳಿಸಿದೆ. ಟೀಚರಿಗೆ ಒಂದು ಚೀಟಿ ಕೊಟ್ಟೆ. ಮಗಳೂ ಓದಿ ಒಪ್ಪಿದ ಮೇಲೆ. ಅದರಲ್ಲಿ ಇದ್ದದ್ದು ಇಷ್ಟು: "ಮಲಗಿದ ಒಂದು ಒಂದೂವರೆ ಗಂಟೆಯಲ್ಲಿ ಎದ್ದು ನಡೆಯಬಹುದು. ಕಣ್ಣು ತೆರೆದಿದ್ದರೂ ನಿದ್ದೆಯಲ್ಲಿರುತ್ತಾಳೆ. ಹೆದರಿಸದೆ ಬೆನ್ನಿಗೆ ಕೈಯಿಟ್ಟು ಹಾಸಿಗೆಗೆ ಕರೆತನ್ನಿ. ನೆಲದ ಮೇಲೆ, ಬಾಗಿಲಿನಿಂದ ದೂರ ಮಲಗಿಸಿ. ಬೆಳಿಗ್ಗೆ ಬೇರೆ ಮಕ್ಕಳೆದುರು ಹೇಳಬೇಡಿ. ಎದ್ದ ಸಮಯವನ್ನು ಮಾತ್ರ ನನಗೆ ಬರೆದು ಕಳಿಸಿ."